ಹಿಮ್ಮೇಳದಲ್ಲಿ ನಿಂತ ಜೂನ್ ಕಾರ್ಟರ್

ರಾತ್ರಿಯಿಡೀ ಕುಳಿತು ಬಯಲಾಟ ನೋಡಿದ ನಮ್ಮ ವಾಚಕರಿಗೆ ಹಿಮ್ಮೇಳವೆಂದರೇನೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ. ನಮ್ಮಲ್ಲಿ ಭಾಗವತನು ಹಿಂದೆ ಇದ್ದರೂ ಆಟದ ಯಜಮಾನಿಕೆ ಅವನದೇ. ಅವನು ಪದ ಎತ್ತದೆ ವೇಷಧಾರಿಯು ಒಂದು ಹೆಜ್ಜೆಯನ್ನೂ ಇಡಲಾರನು. ಪಾಶ್ಚಾತ್ಯರ ಹಾಡುಗಾರಿಕೆಯಲ್ಲಿ ಸಂಗತಿ ಬೇರೆ. ಅಲ್ಲಿ ಹಿಂದೆ ನಿಂತು ದನಿಗೂಡಿಸುವವರ ಹೆಸರು ಗ್ರಾಮಫೋನು ತಟ್ಟೆಯ ಮೇಲೆ ಅಚ್ಚಾಗುವುದೇ ಅಪರೂಪ. ಜನರು ಹಣ ತೆತ್ತು ಬರುವುದು ಮುಂದೆ ನಿಂತವನನ್ನು ನೋಡುವುದಕ್ಕೆ. ಅಮೇರಿಕಾ ದೇಶದಲ್ಲಿ ಸುಮಾರು ನಲವತ್ತು ವರ್ಷ ಇಂತಹ ಸ್ಥಾನದಲ್ಲಿ ನಿಂತು, ತನ್ನ ಗಂಡನ ಹೆಸರನ್ನು ಲೋಕವಿಖ್ಯಾತಗೊಳಿಸಿದ ಹಾಡೊಂದನ್ನು ತಾನೇ ರಚಿಸಿ, ಆ ಹಾಡಿಗೂ ಹಿಂದಿನಿಂದಲೇ ದನಿಗೂಡಿಸಿದ ಜೂನ್ ಕಾರ್ಟರ್ ಎಂಬ ಮಹಿಳೆಯ ಜೀವನವನ್ನು ಇಂದು ನಮ್ಮ ವಾಚಕರ ಮುಂದಿಡಬಯಸುತ್ತೇವೆ.

ಮೊದಲು ಆ ಸಂಗೀತದ ವಿಷಯವಾಗಿ ಎರಡು ಮಾತು. ಅಮೇರಿಕದ ಆಗ್ನೇಯ ಭಾಗದಲ್ಲಿ ಅಪಲೇಚಿಯನ್ ಎಂಬ ಪರ್ವತಶ್ರೇಣಿಯಿದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಿಂದ ಹೋಗಿ ಅಲ್ಲಿ ನೆಲೆಸಿದ ಬಡ ಬೇಸಾಯಗಾರರು ತಮ್ಮ ಪೂರ್ವಿಕರ ಲಾವಣಿಗಳನ್ನೂ ಚರ್ಚಿನ ಭಜನೆಗಳನ್ನೂ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದರು. ಅವುಗಳೊಡನೆ ನೀಗ್ರೋ ಜನಾಂಗದವರ ಹಾಡಿನ ಮಟ್ಟುಗಳೂ ಬೆರೆತು ಹುಟ್ಟಿದ ಹಳ್ಳಿಗಾಡಿನ ಸಂಗೀತಕ್ಕೆ ಮುಂದೆ ಕಂಟ್ರಿ ಎಂಬ ಹೆಸರಾಯಿತು. ಗಿಟಾರು, ಪಿಟೀಲು, ಬ್ಯಾಂಜೋ ಇವೇ ಅದರ ವಾದ್ಯಗಳು. ಮನೆ, ತಾಯಿ, ಸಾವು, ಕುಡಿತ, ಸೆರೆಮನೆ, ದೇವರು, ಕೈಗೂಡದ ಪ್ರೇಮ ಇವೇ ಅದರ ವಸ್ತು. ನಗರದ ಸಂಗೀತವೇತ್ತರು ಬಹುಕಾಲ ಇದನ್ನು ಕೀಳಾಗಿ ಕಂಡರು. ಗ್ರಾಮಫೋನು ಕಂಪೆನಿಯವರಿಗೆ ಮಾತ್ರ ಇದರಲ್ಲಿ ವ್ಯಾಪಾರವಿದೆಯೆಂಬುದು ಬೇಗ ತಿಳಿಯಿತು.

1927ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ವಿಕ್ಟರ್ ಕಂಪೆನಿಯ ರಾಲ್ಫ್ ಪಿಯರ್ ಎಂಬಾತನು ಬ್ರಿಸ್ಟಲ್ ಎಂಬ ಗಡಿ ಪಟ್ಟಣದಲ್ಲಿ ಧ್ವನಿಮುದ್ರಣದ ಯಂತ್ರಗಳನ್ನು ಹೂಡಿ, ಸುತ್ತಲಿನ ಗುಡ್ಡಗಳ ಹಾಡುಗಾರರನ್ನು ಬರಮಾಡಿಕೊಂಡನು. ವರ್ಜೀನಿಯಾ ಸಂಸ್ಥಾನದ ಮೇಸಸ್ ಸ್ಪ್ರಿಂಗ್ ಎಂಬ ಹಳ್ಳಿಯಿಂದ ಮೂವರು ಅಲ್ಲಿಗೆ ಹೋದರು. ಎ. ಪಿ. ಕಾರ್ಟರ್, ಅವನ ಹೆಂಡತಿ ಸೇರಾ, ಸೇರಾಳ ಚಿಕ್ಕ ವಯಸ್ಸಿನ ಬಂಧು ಮೇಬೆಲ್. ಈ ಮೇಬೆಲ್ ಎ. ಪಿ.ಯ ತಮ್ಮ ಎಜ್ರಾನ ಹೆಂಡತಿಯೂ ಹೌದು. ಆಗ ಆಕೆ ತುಂಬು ಗರ್ಭಿಣಿ. ಎರಡು ದಿನಗಳಲ್ಲಿ ಆರು ಹಾಡುಗಳ ಮುದ್ರಣವಾಯಿತು. ಕಾರ್ಟರ್ ಕುಟುಂಬವೆಂಬ ಹೆಸರು ಅಂದಿನಿಂದ ದೇಶಕ್ಕೆಲ್ಲ ತಿಳಿಯಿತು. ಮೇಬೆಲ್ ಹೆಬ್ಬೆರಳಿನಿಂದ ಗಿಟಾರಿನ ದಪ್ಪ ತಂತಿಗಳ ಮೇಲೆ ರಾಗವನ್ನು ಎತ್ತುತ್ತ, ಉಳಿದ ಬೆರಳಿನಿಂದ ತೆಳುತಂತಿಗಳನ್ನು ತೀಡಿ ತಾಳ ಹಿಡಿಯುತ್ತಿದ್ದಳು. ಒಬ್ಬಳೇ ಇಬ್ಬರ ಕೆಲಸ ಮಾಡುವ ಈ ಕ್ರಮವನ್ನು ಮುಂದೆ ಗಿಟಾರು ಹಿಡಿದ ಅಮೇರಿಕನರೆಲ್ಲರೂ ಅಭ್ಯಾಸ ಮಾಡಿದರೆಂದರೆ ಅತಿಶಯೋಕ್ತಿಯಾಗದು.

ಇಲ್ಲಿ ಇನ್ನೊಬ್ಬನ ಹೆಸರನ್ನೂ ಹೇಳುವುದು ನ್ಯಾಯ. ಎ. ಪಿ. ಕಾರ್ಟರನು ಹಾಡುಗಳನ್ನು ಸಂಗ್ರಹಿಸಲು ಊರೂರು ತಿರುಗುವಾಗ ಲೆಸ್ಲಿ ರಿಡಲ್ ಎಂಬ ಕುಂಟು ಕಾಲಿನ ನೀಗ್ರೋ ಗಾಯಕನನ್ನು ಜೊತೆಗೆ ಕರೆದೊಯ್ಯುತ್ತಿದ್ದನು. ಎ. ಪಿ. ಮಾತುಗಳನ್ನು ಬರೆದುಕೊಳ್ಳುತ್ತಿದ್ದನು, ಮಟ್ಟನ್ನು ಒಮ್ಮೆ ಕೇಳಿ ನೆನಪಿಟ್ಟುಕೊಂಡು ಬರುತ್ತಿದ್ದವನು ರಿಡಲ್. ತಟ್ಟೆಯ ಮೇಲೆ ಅಚ್ಚಾದುದು ಎ. ಪಿ.ಯ ಹೆಸರು ಮಾತ್ರ. ನಮ್ಮ ಕಥಾನಾಯಿಕೆ ಹುಟ್ಟಿದುದು ಇಂತಹ ಲೆಕ್ಕಾಚಾರವಿದ್ದ ಮನೆತನದಲ್ಲಿ.

ಎಜ್ರಾ ಮತ್ತು ಮೇಬೆಲ್ ದಂಪತಿಗಳಿಗೆ ಹೆಲೆನ್, ಜೂನ್, ಅನಿಟಾ ಎಂಬ ಮೂವರು ಹೆಣ್ಣುಮಕ್ಕಳು. ನಡುವಿನ ಮಗಳಾದ ಜೂನ್ 1929ರ ಜೂನ್ 23ರಂದು, ಕ್ಲಿಂಚ್ ಪರ್ವತದ ಬುಡದ ಕಣಿವೆಯಲ್ಲಿ ಜನಿಸಿದಳು. ಆ ಕಣಿವೆಗೆ ಜನರು ಇಟ್ಟ ಹೆಸರೇ ಬಡಕಣಿವೆ. ಹಿರಿಯಳಾದ ಹೆಲೆನ್ ಯಾವ ವಾದ್ಯವನ್ನು ಕೈಗೆತ್ತಿಕೊಂಡರೂ ನುಡಿಸಬಲ್ಲಳು. ಕಿರಿಯಳಾದ ಅನಿಟಾಳದು ದೇವದತ್ತವಾದ ಕಂಠ. ಜೂನಳಿಗೆ ಇವೆರಡೂ ಇರಲಿಲ್ಲ. ಶ್ರುತಿ ತಪ್ಪದೆ ಹಾಡಲು ಆಕೆ ಬಾಲ್ಯದಲ್ಲಿ ಬಹಳ ಶ್ರಮಪಡಬೇಕಾಯಿತು. ಮಡಿಲಲ್ಲಿಟ್ಟುಕೊಂಡು ಮೀಟುವ ಆಟೋಹಾರ್ಪ್ ಎಂಬ ತಂತೀವಾದ್ಯವನ್ನು ಆಕೆ ಕಲಿತಳು. ಕಂಠದಲ್ಲಿದ್ದ ಕೊರತೆಯನ್ನು ಮಾತಿನ ಚಟಾಕಿಯಿಂದ ತುಂಬಿಕೊಂಡಳು.

ಆಕೆಯ ಹತ್ತನೆಯ ವಯಸ್ಸಿನ ಸುಮಾರಿಗೆ ಕುಟುಂಬವು ಟೆಕ್ಸಾಸಿಗೆ ಹೋಯಿತು. ಅಮೇರಿಕದೊಳಗಿನ ರೇಡಿಯೋ ಕೇಂದ್ರಗಳಿಗೆ 50,000 ವಾಟ್‌ಗಳ ಮಿತಿಯಿದ್ದಾಗ, ಗಡಿಯಾಚೆ ಮೆಕ್ಸಿಕೋ ನೆಲದಲ್ಲಿ 5,00,000 ವಾಟ್‌ಗಳ ಒಂದು ಕೇಂದ್ರವಿತ್ತು. ಅದರ ಒಡೆಯನು ಜಾನ್ ಬ್ರಿಂಕ್ಲಿ. ಗಂಡಸರಿಗೆ ಹೋತದ ಗ್ರಂಥಿಯನ್ನು ಕಸಿ ಮಾಡಿ ಯೌವನ ಮರಳಿಸುವೆನೆಂದು ಹೇಳಿ ಧನ ಗಳಿಸಿದ ಕಪಟ ವೈದ್ಯ. ಅವನ ಔಷಧದ ಜಾಹೀರಾತುಗಳ ನಡುನಡುವೆ ಕಾರ್ಟರ್ ಕುಟುಂಬದ ಭಕ್ತಿಗೀತೆಗಳು ಕೆನಡಾದವರೆಗೂ ಕೇಳಿಸಿದವು. ಲೋಕದಲ್ಲಿ ಒಳ್ಳೆಯ ವಸ್ತು ಎಂತಹ ಗಾಡಿಯನ್ನೇರಿ ಬರುತ್ತದೆಂದು ಹೇಳುವಂತಿಲ್ಲ! ದಕ್ಷಿಣದ ಅರ್ಕನ್ಸಾ ಸಂಸ್ಥಾನದಲ್ಲಿ ಹತ್ತಿ ಬಿಡಿಸುವ ಒಂದು ಬಡ ಸಂಸಾರದ ಹುಡುಗನೂ ಆ ಹಾಡುಗಳನ್ನು ಕೇಳುತ್ತಿದ್ದನು. ಅವನೇ ಜಾನಿ ಕ್ಯಾಶ್. 1941ರಲ್ಲಿ ಆ ಕೇಂದ್ರ ಮುಚ್ಚಿತು. ಅಷ್ಟರಲ್ಲಿ ಸೇರಾ ಎ. ಪಿ.ಯನ್ನು ಬಿಟ್ಟು ಬೇರೆ ಮದುವೆಯಾಗಿದ್ದಳು. 1943ರಲ್ಲಿ ಮೊದಲಿನ ಮೇಳ ಒಡೆಯಿತು.

ಆಗ ಮೇಬೆಲ್ ತನ್ನ ಮೂವರು ಮಕ್ಕಳನ್ನೇ ಕಟ್ಟಿಕೊಂಡು ಹೊಸ ಮೇಳವನ್ನು ಹೂಡಿದಳು. ರಿಚ್‌ಮಂಡ್, ನಾಕ್ಸ್‌ವಿಲ್, ಸ್ಪ್ರಿಂಗ್‌ಫೀಲ್ಡ್ ಎಂದು ರೇಡಿಯೋ ಕೇಂದ್ರದಿಂದ ಕೇಂದ್ರಕ್ಕೆ, ಊರಿಂದ ಊರಿಗೆ ಮೋಟಾರಿನಲ್ಲಿ ಸಾಮಾನು ಹೇರಿಕೊಂಡು ಹೋಗುವ ಬಾಳು. ಹದಿನಾಲ್ಕು ವಯಸ್ಸಿನ ಜೂನ್ ಈ ಮೇಳದ ವಿದೂಷಕಿಯಾದಳು. ಆಂಟ್ ಪಾಲಿ ಎಂಬ ಹಳ್ಳಿಯ ಗಯ್ಯಾಳಿಯ ವೇಷ ಧರಿಸಿ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುವಳು. ಸಭೆ ಸಪ್ಪೆಯಾದರೆ ಅದನ್ನು ಎತ್ತಿ ನಿಲ್ಲಿಸುವುದು ಆಕೆಯ ಹೊಣೆ. ಆಟ ಹೇಗೆ ನಡೆಯುತ್ತದೆ, ಎಲ್ಲಿ ಜಾರುತ್ತದೆ, ಯಾವಾಗ ಯಾರನ್ನು ಮುಂದೆ ಬಿಡಬೇಕು ಎಂಬ ವಿದ್ಯೆ ಆಕೆಗೆ ಕೈವಶವಾದುದು ಈ ಊರೂರು ತಿರುಗಾಟದಲ್ಲಿ. ನಮ್ಮ ನಾಟಕದ ಕಂಪೆನಿಗಳಲ್ಲಿ ಬೆಳೆದ ಮಕ್ಕಳನ್ನು ಕಂಡವರಿಗೆ ಈ ಬಗೆಯ ಶಿಕ್ಷಣದ ಬೆಲೆ ಗೊತ್ತಿದೆ.

ನಾಕ್ಸ್‌ವಿಲ್‌ನಲ್ಲಿದ್ದಾಗ ಚೆಟ್ ಆಟ್ಕಿನ್ಸ್ ಎಂಬ ತರುಣ ಗಿಟಾರುಗಾರನು ಇವರನ್ನು ಸೇರಿದನು. ಕಂಟ್ರಿ ಸಂಗೀತಕ್ಕೆ ಕಾಶಿಯಂತಿರುವ ನ್ಯಾಶ್‌ವಿಲ್ ನಗರದಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಪ್ರಸಿದ್ಧ ರೇಡಿಯೋ ಸಭೆಯಿದೆ. ಅಲ್ಲಿಂದ ಕರೆ ಬಂದಾಗ, ಹೆಂಗಸರು ಬರಲಿ, ಗಿಟಾರುಗಾರ ಬೇಡ ಎಂಬ ಷರತ್ತಿತ್ತು. ಅವನು ಬಂದರೆ ತಮ್ಮ ಅನ್ನಕ್ಕೆ ಕುತ್ತೆಂದು ಅಲ್ಲಿನ ವಾದ್ಯಗಾರರಿಗೆ ಹೆದರಿಕೆ. ತಂದೆ ಎಜ್ರಾ ಒಪ್ಪಲಿಲ್ಲ. ಬಂದರೆ ಎಲ್ಲರೂ, ಇಲ್ಲವಾದರೆ ಯಾರೂ ಇಲ್ಲವೆಂದು ಪಟ್ಟು ಹಿಡಿದನು. ಕಡೆಗೆ 1950ರಲ್ಲಿ ಆಪ್ರಿಯವರೇ ಮಣಿದರು. ಆಟ್ಕಿನ್ಸನು ಮುಂದೆ ನ್ಯಾಶ್‌ವಿಲ್‌ನ ಇಡೀ ಧ್ವನಿಮುದ್ರಣ ಉದ್ಯಮಕ್ಕೇ ದೊಡ್ಡ ಮನುಷ್ಯನಾದನು.

1952ರಲ್ಲಿ ಜೂನ್ ಆಗಿನ ಪ್ರಸಿದ್ಧ ಗಾಯಕ ಕಾರ್ಲ್ ಸ್ಮಿತ್‌ನನ್ನು ಮದುವೆಯಾದಳು. ಕಾರ್ಲೀನ್ ಎಂಬ ಮಗಳು ಹುಟ್ಟಿದಳು, 1956ರಲ್ಲಿ ವಿಚ್ಛೇದನವಾಯಿತು. ಚಲನಚಿತ್ರ ನಿರ್ದೇಶಕ ಎಲಿಯಾ ಕಜಾನನು ಆಕೆಯ ಹಾಸ್ಯವನ್ನು ಕಂಡು, ಅಭಿನಯವನ್ನು ಶಾಸ್ತ್ರೀಯವಾಗಿ ಕಲಿಯಬೇಕೆಂದು ಹುರಿದುಂಬಿಸಿದ್ದನು. ಆಕೆ ನ್ಯೂಯಾರ್ಕಿಗೆ ಹೋಗಿ ಸ್ಯಾನ್‌ಫರ್ಡ್ ಮೈಸ್ನರ್ ಎಂಬ ಹೆಸರಾಂತ ಗುರುವಿನಲ್ಲಿ ಪಾಠ ಹೇಳಿಸಿಕೊಂಡಳು. ನಟಿಯಾಗಬಹುದಿತ್ತು. ಆದರೆ ತಾಯಿ, ಅಕ್ಕ, ತಂಗಿಯರ ಮೇಳ ಆಕೆಯನ್ನು ಬಿಡಲಿಲ್ಲ. ಕೈಯಲ್ಲಿ ಕೂಸು ಬೇರೆ. 1957ರಲ್ಲಿ ಎಡ್ವಿನ್ ನಿಕ್ಸ್ ಎಂಬವನೊಡನೆ ಎರಡನೆಯ ಮದುವೆ. ರೋಸಿ ಎಂಬ ಎರಡನೆಯ ಮಗಳು. ಈ ಸಂಬಂಧವೂ 1966ರಲ್ಲಿ ಮುರಿಯಿತು.

ಜಾನಿ ಕ್ಯಾಶನನ್ನು ಆಕೆ ಮೊದಲು ಕಂಡುದು 1956ರಲ್ಲಿ, ಆಪ್ರಿಯ ನೇಪಥ್ಯದಲ್ಲಿ. ಜರ್ಮನಿಯಲ್ಲಿ ವಿಮಾನದಳದ ಸೇವೆ ಮುಗಿಸಿ ಬಂದ, ಕಂಚಿನ ಕಂಠದ, ಕಪ್ಪು ಉಡುಪಿನ ಆ ಗಾಯಕನು ಅದಾಗಲೇ ಹೆಸರು ಮಾಡಿದ್ದನು. 1961ರ ಡಿಸೆಂಬರಿನಲ್ಲಿ ಡಲ್ಲಾಸ್ ನಗರದ ಒಂದು ಪ್ರದರ್ಶನದಲ್ಲಿ ಜೂನ್ ಅವನ ತಂಡದೊಡನೆ ಹಾಡಿದಳು. ಮರುವರ್ಷದಿಂದ ತಂಡದವಳೇ ಆದಳು. ತಾಯಿಯೂ ಸೋದರಿಯರೂ ಕಾಲಕ್ರಮದಲ್ಲಿ ಅದೇ ತಂಡವನ್ನು ಸೇರಿದರು. ಹಿಮ್ಮೇಳಕ್ಕೆ ದನಿ, ಮಧ್ಯದಲ್ಲಿ ಹಾಸ್ಯ, ಕ್ಯಾಶನೊಡನೆ ಒಂದೆರಡು ಯುಗಳಗೀತೆ, ಇವಲ್ಲದೆ ತಂಡದವರ ಅಂಗಿಗಳಿಗೆ ಇಸ್ತ್ರಿ ಹಾಕುವ ಕೆಲಸವನ್ನೂ ಆಕೆ ತಾನಾಗಿ ವಹಿಸಿಕೊಂಡಳೆಂದು ಆ ಕಾಲದವರು ಹೇಳಿದ್ದಾರೆ.

ಇಬ್ಬರೂ ವಿವಾಹಿತರು. ಕ್ಯಾಶನಿಗೆ ವಿವಿಯನ್ ಎಂಬ ಹೆಂಡತಿಯೂ ನಾಲ್ವರು ಹೆಣ್ಣುಮಕ್ಕಳೂ ಕ್ಯಾಲಿಫೋರ್ನಿಯಾದಲ್ಲಿದ್ದರು. ಇಬ್ಬರಲ್ಲಿಯೂ ಅನುರಾಗ ಬೆಳೆಯಿತು. ಪ್ರೇಮಕಥೆ ಹೇಳುವವರು ಈ ನಾಲ್ವರು ಮಕ್ಕಳ ತಾಯಿಯನ್ನು ಬದಿಗೆ ಸರಿಸಿ ಮುಂದೆ ಸಾಗುವುದು ವಾಡಿಕೆ. ಅದು ನಮಗೆ ಸರಿಕಾಣುವುದಿಲ್ಲ. ಕ್ಯಾಶನಾದರೋ ನಿದ್ರೆ ಕೆಡಿಸುವ ಗುಳಿಗೆಗಳಿಗೂ ನಿದ್ರೆ ಬರಿಸುವ ಗುಳಿಗೆಗಳಿಗೂ ದಾಸನಾಗಿದ್ದನು. ಜೂನ್ ಸಿಕ್ಕಿದ ಗುಳಿಗೆಗಳನ್ನೆಲ್ಲ ಶೌಚದ ನೀರಿಗೆ ಚೆಲ್ಲುವಳು. ಅವನು ಬೇರೆ ತರಿಸುವನು.

ತಾನು ಬಯಸಬಾರದವನನ್ನು ಬಯಸಿದ್ದೇನೆ, ಬಯಸಿದವನು ಕಣ್ಣೆದುರಿಗೇ ಕೆಡುತ್ತಿದ್ದಾನೆ ಎಂಬ ಸಂಕಟದಿಂದ ಹುಟ್ಟಿದುದು ರಿಂಗ್ ಆಫ್ ಫೈರ್, ಎಂದರೆ ಬೆಂಕಿಯ ಬಳೆ, ಎಂಬ ಹಾಡು. ದೊಡ್ಡಪ್ಪ ಎ. ಪಿ.ಯ ಬಳಿಯಿದ್ದ ಹಳೆಯ ಇಂಗ್ಲಿಷ್ ಪದ್ಯಗಳ ಪುಸ್ತಕದಲ್ಲಿ ಗೆರೆ ಎಳೆದಿದ್ದ ಒಂದು ಮಾತಿನಿಂದ ಆಕೆಗೆ ಅದು ಹೊಳೆಯಿತೆಂದು ಹೇಳುವರು. ಮರ್ಲ್ ಕಿಲ್ಗೋರ್ ಎಂಬ ಮಿತ್ರನೊಡನೆ ಕುಳಿತು ಹಾಡನ್ನು ಮುಗಿಸಿದಳು. ಅದನ್ನು ಮೊದಲು ಹಾಡಿದವಳು ತಂಗಿ ಅನಿಟಾ. ಆಕೆಯ ತಟ್ಟೆ ಅಷ್ಟಾಗಿ ಮಾರಾಟವಾಗಲಿಲ್ಲ. ಕ್ಯಾಶನು ಕೆಲವು ತಿಂಗಳು ಕಾದು ನೋಡಿ, 1963ರ ಮಾರ್ಚ್ 25ರಂದು ತಾನು ಹಾಡಿದನು. ಮೆಕ್ಸಿಕೋದವರು ಮದುವೆ ಮೆರವಣಿಗೆಗಳಲ್ಲಿ ಊದುವ ಬಗೆಯ ತುತ್ತೂರಿಗಳನ್ನು ಅದಕ್ಕೆ ಸೇರಿಸಿದನು. ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಅದು ಏಳು ವಾರ ಮೊದಲನೆಯ ಸ್ಥಾನದಲ್ಲಿ ನಿಂತಿತು. ಆ ತಟ್ಟೆಯನ್ನು ಈಗಲೂ ಕಿವಿಗೊಟ್ಟು ಕೇಳಿರಿ. ತುತ್ತೂರಿಗಳ ಹಿಂದೆ, ಕ್ಯಾಶನ ದಪ್ಪ ದನಿಯ ಹಿಂದೆ, ಹೆಂಗಸರ ದನಿ ಕೇಳಿಬರುತ್ತದೆ. ಅದು ತಾಯಿ ಮೇಬೆಲ್ ಮತ್ತು ಮಕ್ಕಳ ದನಿ. ತನ್ನ ಸಂಕಟವನ್ನು ತಾನೇ ಹಾಡಾಗಿಸಿ, ಅದಕ್ಕೆ ಕಾರಣನಾದವನ ಬಾಯಿಗೆ ಅದನ್ನು ಕೊಟ್ಟು, ತಾನು ಹಿಂದೆ ನಿಂತು ದನಿಗೂಡಿಸಿದಳು.

ಗಲ್ಲಾದ ಮುಂದೆ ಕುಳಿತವನನ್ನು ಗಿರಾಕಿಗಳೆಲ್ಲ ಬಲ್ಲರು; ಒಳಗೆ ಒಲೆಯ ಮುಂದೆ ನಿಂತವನ ಹೆಸರು ಕೇಳಿದವರುಂಟೇ? ಬಹುಕಾಲ ಗಲ್ಲಾದಲ್ಲಿಯೇ ಕುಳಿತಿದ್ದ ನಮಗೆ ಇದು ತಿಳಿಯದ ವಿಷಯವಲ್ಲ.

ಆದರೆ ಹಾಡಿನ ವ್ಯಾಪಾರದಲ್ಲಿ ಒಂದು ವಿಶೇಷವುಂಟು. ಅಮೇರಿಕದ ಕಾನೂನಿನಂತೆ ರೇಡಿಯೋ ಕೇಂದ್ರದಿಂದ ಹಾಡು ಬಿತ್ತರವಾದಾಗ ಹಣ ಸಲ್ಲುವುದು ರಚಿಸಿದವರಿಗೆ, ಹಾಡಿದವನಿಗಲ್ಲ. ಆದುದರಿಂದ ರಚಿಸಿದವರಾರೆಂಬ ಪ್ರಶ್ನೆ ಬರಿಯ ಕೀರ್ತಿಯದಲ್ಲ, ಅನ್ನದ್ದೂ ಹೌದು. ವಿವಿಯನ್ 2005ರಲ್ಲಿ ತೀರಿಕೊಂಡಳು. 2007ರಲ್ಲಿ ಪ್ರಕಟವಾದ ಆಕೆಯ ಆತ್ಮಕಥೆಯಲ್ಲಿ, ಈ ಹಾಡನ್ನು ಬರೆದವನು ಕ್ಯಾಶನೇ, ಹಣಕ್ಕೆ ಕಷ್ಟದಲ್ಲಿದ್ದ ಜೂನಳ ಮೇಲಿನ ಕನಿಕರದಿಂದ ಆಕೆಯ ಹೆಸರು ಸೇರಿಸಿದನು ಎಂಬ ಆಪಾದನೆಯಿದೆ. ನೊಂದ ಹೆಂಗಸಿನ ಮಾತನ್ನು ಹಗುರಾಗಿ ತಳ್ಳಿಹಾಕಲಾಗದು. ಆದರೂ ದಾಖಲೆಯಲ್ಲಿರುವುದು ಜೂನ್ ಮತ್ತು ಕಿಲ್ಗೋರರ ಹೆಸರು. ಕ್ಯಾಶನು ತನ್ನ ಜೀವಮಾನದಲ್ಲಿ ಆ ಹಾಡು ಜೂನಳದೆಂದೇ ಹೇಳುತ್ತ ಬಂದನು. ಆಕೆ ಹಾಡು ಕಟ್ಟಲು ಬಾರದವಳೂ ಅಲ್ಲ. ತಾಯಿ, ಸೋದರಿಯರೊಡನೆ ಸೇರಿ ಕುಡುಕನೊಬ್ಬನ ಪಶ್ಚಾತ್ತಾಪದ ಹಾಡನ್ನು ಆಕೆ ಮೊದಲೇ ಕಟ್ಟಿದ್ದಳು. ಅದನ್ನು ಲೂವಿನ್ ಸೋದರರು ಹಾಡಿದರು. ಕ್ಯಾಶನು ಹಾಡಿದ ದಿ ಮ್ಯಾಟಡಾರ್ ಇಬ್ಬರೂ ಕೂಡಿ ಬರೆದುದು. ರೊಸಾನಾಸ್ ಗೋಯಿಂಗ್ ವೈಲ್ಡ್ ಎಂಬುದು ಮೂವರು ಸೋದರಿಯರ ರಚನೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ಜೂನಳ ಪಕ್ಷವೇ ಬಲವಾಗಿ ತೋರುತ್ತದೆ. ಈ ಹಾಡಿನ ವಿಷಯದಲ್ಲಿ ಇನ್ನೊಂದು ವಿನೋದವಿದೆ. 2004ರಲ್ಲಿ ಮೂಲವ್ಯಾಧಿಯ ಮುಲಾಮಿನ ಜಾಹೀರಾತಿಗೆ ಇದನ್ನು ಬಳಸುವ ಪ್ರಸ್ತಾಪ ಬಂದಿತ್ತು. ಕಿಲ್ಗೋರನಿಗೆ ತಮಾಷೆಯೆನಿಸಿತು, ಕುಟುಂಬದವರು ಮಾತ್ರ ಸಾಧ್ಯವಿಲ್ಲವೆಂದರು.

1965ರಲ್ಲಿ ಕ್ಯಾಶನ ಸ್ಥಿತಿ ತೀರ ಕೆಟ್ಟಿತು. ಆಪ್ರಿಯ ವೇದಿಕೆಯಲ್ಲಿ ಮೈಕಿನ ಕಂಬವನ್ನೆಳೆದು ದೀಪಗಳನ್ನು ಒಡೆದುಹಾಕಿದನು. ಮೆಕ್ಸಿಕೋ ಗಡಿಯ ಎಲ್ ಪಾಸೋ ಪಟ್ಟಣದಲ್ಲಿ ಗಿಟಾರಿನ ಪೆಟ್ಟಿಗೆಯಲ್ಲಿ ಅಡಗಿಸಿಟ್ಟ ಸಾವಿರಕ್ಕೂ ಮೀರಿದ ಗುಳಿಗೆಗಳೊಡನೆ ಸೆರೆ ಸಿಕ್ಕಿದನು. 1966ರಲ್ಲಿ ವಿವಿಯನ್ ವಿಚ್ಛೇದನಕ್ಕೆ ದಾವೆ ಹೂಡಿದಳು. 1967ರಲ್ಲಿ ಜೂನ್ ತನ್ನ ತಾಯಿತಂದೆಗಳೊಡನೆ, ನ್ಯಾಶ್‌ವಿಲ್ ಬಳಿಯ ಹೆಂಡರ್ಸನ್‌ವಿಲ್ ಊರಿನ ಕೆರೆದಂಡೆಯಲ್ಲಿದ್ದ ಅವನ ಮನೆಗೆ ಹೋಗಿ ನಿಂತಳು. ನ್ಯಾಟ್ ವಿನ್‌ಸ್ಟನ್ ಎಂಬ ವೈದ್ಯನ ಸಹಾಯದಿಂದ ವಾರಗಟ್ಟಲೆ ಬಾಗಿಲು ಕಾದು, ಗುಳಿಗೆ ಮಾರುವವರನ್ನು ಹೊರಗಟ್ಟಿ, ಮನುಷ್ಯನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದರು. ಹಾಡುಗಾರಿಕೆಯ ಮನೆತನವೊಂದು ಸಂಸಾರಸಮೇತ ಒಬ್ಬ ರೋಗಿಯ ಶುಶ್ರೂಷೆಗೆ ಕುಳಿತ ಈ ದೃಶ್ಯವೇ ಜೂನಳ ಜೀವನದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದೆಂದು ತೋರುತ್ತದೆ.

ಅನಂತರದ ಘಟನೆಗಳು ವೇಗವಾಗಿ ನಡೆದವು. 1967ರಲ್ಲಿ ಜಾಕ್ಸನ್ ಎಂಬ ಯುಗಳಗೀತೆ ಬಂದಿತು. ಬಿಸಿ ಆರಿದ ದಾಂಪತ್ಯದಲ್ಲಿ ಗಂಡನು ಪಟ್ಟಣಕ್ಕೆ ಹೋಗಿ ಮೆರೆಯುವೆನೆಂದು ಜಂಬ ಕೊಚ್ಚುವುದು, ಹೆಂಡತಿ ಅವನನ್ನು ಗೇಲಿ ಮಾಡಿ ಕೆಳಗಿಳಿಸುವುದು ಅದರ ವಸ್ತು. ಆಂಟ್ ಪಾಲಿಯ ವೇಷ ಕಟ್ಟಿದವಳಿಗೆ ಹೇಳಿ ಮಾಡಿಸಿದ ಹಾಡು. ಇದರಲ್ಲಿ ಜೂನ್ ಹಿಂದೆ ನಿಂತವಳಲ್ಲ, ಎದುರು ನಿಂತವಳು. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಫಾಲ್ಸಮ್ ಸೆರೆಮನೆಯಲ್ಲಿ ಕೈದಿಗಳ ಮುಂದೆ ನಡೆದ, ತಟ್ಟೆಯಾಗಿ ಜಗತ್ಪ್ರಸಿದ್ಧವಾದ, ಆ ಕಚೇರಿಯಲ್ಲಿಯೂ ಇಬ್ಬರೂ ಅದನ್ನು ಹಾಡಿದರು. ಫೆಬ್ರವರಿ 22ರಂದು ಕೆನಡಾದ ಲಂಡನ್ ಎಂಬ ಊರಿನಲ್ಲಿ, ಸಾವಿರಾರು ಜನರೆದುರು, ಹಾಡಿನ ನಡುವೆಯೇ ಕ್ಯಾಶನು ಮದುವೆಯ ಮಾತೆತ್ತಿದನು. ಹಾಡು ಮುಂದುವರಿಸೆಂದು ಆಕೆ ಗದರಿದಳು; ಸಭಿಕರು ಬಿಡಲಿಲ್ಲ. ಅದೇ ತಿಂಗಳ 29ರಂದು ಜಾಕ್ಸನ್ ಹಾಡಿಗೆ ಗ್ರ್ಯಾಮಿ ಪಾರಿತೋಷಕ. ಮಾರನೆಯ ದಿನ, ಮಾರ್ಚ್ 1ರಂದು, ಕೆಂಟಕಿಯ ಫ್ರ್ಯಾಂಕ್ಲಿನ್ ಎಂಬಲ್ಲಿ ವಿವಾಹ. ವರನ ಕಡೆಯಲ್ಲಿ ಜೊತೆಗೆ ನಿಂತವನು ಕಿಲ್ಗೋರನೇ.

2005ರಲ್ಲಿ ಬಂದ ವಾಕ್ ದ ಲೈನ್ ಎಂಬ ಚಲನಚಿತ್ರವು, ರೀಸ್ ವಿದರ್‌ಸ್ಪೂನ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ, ಇಲ್ಲಿಗೆ ಬಂದು ನಿಲ್ಲುತ್ತದೆ. ಸಂಸಾರವೆಂಬುದು ಮದುವೆಯ ಚಪ್ಪರಕ್ಕೆ ಮುಗಿಯುವ ವಸ್ತುವಲ್ಲವಷ್ಟೆ. ಕ್ಯಾಶನು ಕೆಲವು ವರ್ಷ ಶುದ್ಧವಾಗಿದ್ದು ಮತ್ತೆ ಜಾರಿದನು. 1983ರಲ್ಲಿ ಕ್ಯಾಲಿಫೋರ್ನಿಯಾದ ಚಿಕಿತ್ಸಾಲಯವೊಂದನ್ನು ಸೇರಬೇಕಾಯಿತು. ಕೊನೆಯ ವರ್ಷಗಳಲ್ಲಿ ಜೂನಳೂ ಔಷಧಗಳ ವಶಕ್ಕೆ ಸಿಕ್ಕಿದ್ದಳೆಂದು ಅವರ ಮಗನೇ 2007ರಲ್ಲಿ ತಾಯಿಯ ಜೀವನವನ್ನು ಕುರಿತು ಬರೆದ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಹೀಗೆ ಬರೆದುದರಿಂದ ತಾಯಿಯ ಗೌರವ ಕುಂದಿತೆಂದು ನಮಗೆ ಅನ್ನಿಸುವುದಿಲ್ಲ. ಇನ್ನೊಬ್ಬರ ಭಾರ ಹೊತ್ತವರ ಬೆನ್ನು ಎಷ್ಟು ನೋಯುತ್ತದೆಂಬುದು ಅದರಿಂದ ತಿಳಿಯುತ್ತದೆ.

ಮನೆಯಲ್ಲಿ ಏಳು ಮಕ್ಕಳ ಲೆಕ್ಕ. ಅವನ ನಾಲ್ವರು, ಆಕೆಯ ಇಬ್ಬರು, 1970ರ ಮಾರ್ಚ್ 3ರಂದು ಹುಟ್ಟಿದ ಜಾನ್ ಕಾರ್ಟರ್ ಕ್ಯಾಶ್ ಒಬ್ಬ. ಮಲಮಕ್ಕಳೆಂಬ ಮಾತನ್ನು ಆ ಮನೆಯಲ್ಲಿ ಆಡುವಂತಿರಲಿಲ್ಲವೆಂದು, ತಾನೂ ದೊಡ್ಡ ಗಾಯಕಿಯಾದ ಹಿರಿಯ ಮಗಳು ರೊಸ್ಯಾನ್ ಹೇಳಿದ್ದಾಳೆ. ವಿವಿಯನ್ಳ ಮಗಳಿಂದ ಬಂದ ಸಾಕ್ಷ್ಯವಾದುದರಿಂದ ಇದಕ್ಕೆ ತೂಕ ಹೆಚ್ಚು. 1969ರಿಂದ 1971ರವರೆಗೆ ಕ್ಯಾಶನ ದೂರದರ್ಶನ ಕಾರ್ಯಕ್ರಮವು ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಿಂದ ನಡೆಯಿತು. ಅಲ್ಲಿಯೂ ಕಾರ್ಟರ್ ಹೆಂಗಸರು ಹಿಮ್ಮೇಳದಲ್ಲಿದ್ದರು. ಸ್ಯಾನ್ ಕ್ವೆಂಟಿನ್ ಸೆರೆಮನೆಯ ಕಚೇರಿಯಲ್ಲಿಯೂ ಇದ್ದರು. 1971ರಲ್ಲಿ ಇನ್ನೊಂದು ಯುಗಳಗೀತೆಗೆ ಗ್ರ್ಯಾಮಿ ಬಂದಿತು. ಕ್ರಿಸ್ತನ ಜೀವನವನ್ನು ಕುರಿತು 1973ರಲ್ಲಿ ಕ್ಯಾಶನು ಹೊರತಂದ ಚಲನಚಿತ್ರದಲ್ಲಿ ಮಗ್ದಲದ ಮರಿಯಳ ಪಾತ್ರ ಆಕೆಯದು.

ಈ ಎಲ್ಲದರ ನಡುವೆ ಆಕೆಯ ಸ್ವಂತ ಹೆಸರಿನಲ್ಲಿ ಬಂದುದೆಷ್ಟು? ಅಪಲೇಚಿಯನ್ ಪ್ರೈಡ್ ಎಂಬ ಒಂದು ಸಂಪುಟ, 1975ರಲ್ಲಿ. ಎರಡನೆಯದಕ್ಕೆ 24 ವರ್ಷ ಕಾಯಬೇಕಾಯಿತು. ಪ್ರೆಸ್ ಆನ್ ಎಂಬ ಆ ಸಂಪುಟ 1999ರಲ್ಲಿ ಹೊರಬಂದಾಗ ಆಕೆಗೆ ಸುಮಾರು 70 ವರ್ಷ. ದೊಡ್ಡ ಕಂಪೆನಿಗಳಾವುವೂ ಅದನ್ನು ಹೊರತರಲಿಲ್ಲ. ಮನೆಯ ಆವರಣದ ಮರದ ಗುಡಿಸಲಿನಲ್ಲಿ, ಮನೆಮಂದಿ, ಮಿತ್ರರು ಕೂಡಿ ನುಡಿಸಿದರು. ಅದರಲ್ಲಿ ಬೆಂಕಿಯ ಬಳೆಯ ಹಾಡೂ ಇದೆ. ತುತ್ತೂರಿಗಳಿಲ್ಲ, ಅಬ್ಬರವಿಲ್ಲ. ಗುಡ್ಡಗಾಡಿನ ಹಳೆಯ ಧಾಟಿಯಲ್ಲಿ, ಸವೆದು ಬಿರುಕು ಬಿಟ್ಟ ಮುದುಕಿಯ ದನಿಯಲ್ಲಿ ಅದು ಬೇರೊಂದು ಹಾಡೇ ಆಗಿಬಿಟ್ಟಿದೆ. ಕ್ಯಾಶನು ಹಾಡಿದಾಗ ಅದು ಗೆಲುವಿನ ಹಾಡಿನಂತೆ ಕೇಳಿಸುತ್ತದೆ. ಇಲ್ಲಿ ಹೆದರಿಕೆಯೂ ಕೇಳಿಸುತ್ತದೆ. ಕೇಳುವವರು ಎರಡನ್ನೂ ಒಂದರ ಹಿಂದೊಂದು ಕೇಳಬೇಕೆಂದು ನಮ್ಮ ಸೂಚನೆ. ಈ ಸಂಪುಟಕ್ಕೆ ಗ್ರ್ಯಾಮಿ ದೊರೆಯಿತು. ಇದಕ್ಕೆ ಎರಡು ವರ್ಷ ಮುಂಚೆ ರಾಬರ್ಟ್ ಡುವಾಲನು ತಾನೇ ನಿರ್ದೇಶಿಸಿದ ದಿ ಅಪಾಸಲ್ ಚಿತ್ರದಲ್ಲಿ ಆಕೆಯನ್ನು ತನ್ನ ತಾಯಿಯ ಪಾತ್ರಕ್ಕೆ ಕರೆದಿದ್ದನು. ನ್ಯೂಯಾರ್ಕಿನ ಪಾಠ ವ್ಯರ್ಥವಾಗಿರಲಿಲ್ಲ.

ಮುಂದೆ ಬರಬೇಕೆಂಬ ಆಸೆ ಆಕೆಗೆ ಇರಲಿಲ್ಲವೇ? ಇದ್ದೇ ಇದ್ದಿರಬೇಕು; ಇಲ್ಲದವಳು 70ನೆಯ ವರ್ಷದಲ್ಲಿ ಗುಡಿಸಲಿನಲ್ಲಿ ಕುಳಿತು ಹಾಡುತ್ತಿರಲಿಲ್ಲ. ಕೀರ್ತಿಯನ್ನು ಹಂಚುವವರ ಲೆಕ್ಕವನ್ನೂ ನೋಡಿರಿ. ನ್ಯಾಶ್‌ವಿಲ್‌ನ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಮೊದಲಿನ ಕಾರ್ಟರ್ ಕುಟುಂಬ 1970ರಲ್ಲಿ ಸೇರಿತು. ಅವರ ಮೇಳದ ಗಿಟಾರುಗಾರ ಆಟ್ಕಿನ್ಸ್ 1973ರಲ್ಲಿ. ಗಂಡ ಕ್ಯಾಶ್ 1980ರಲ್ಲಿ. ಮೊದಲನೆಯ ಗಂಡ ಸ್ಮಿತ್ 2003ರಲ್ಲಿ. ಜೂನಳ ಸರದಿ ಬಂದುದು 2025ರಲ್ಲಿ, ಆಕೆ ತೀರಿ 22 ವರ್ಷಗಳಾದ ಮೇಲೆ.

2003ರಲ್ಲಿ ಕ್ಯಾಶನ ಹರ್ಟ್ ಎಂಬ ಹಾಡಿನ ಕಿರುಚಿತ್ರ ಬಂದಿತು. ಮುಪ್ಪು, ರೋಗಗಳಿಂದ ಜರ್ಜರಿತನಾದ ಗಾಯಕನು ಹಾಡುತ್ತಿರುವಾಗ, ಹಿಂದಿನ ಮೆಟ್ಟಿಲುಗಳ ಮೇಲೆ ಜೂನ್ ನಿಂತು ಅವನನ್ನು ನೋಡುತ್ತಾಳೆ. ಒಂದು ಮಾತಿಲ್ಲ. ಆಗ ಎಲ್ಲರೂ ಅವನ ಸಾವನ್ನು ಎದುರುನೋಡುತ್ತಿದ್ದರು. ಮೊದಲು ಹೋದವಳು ಆಕೆ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ಅನಂತರ, 2003ರ ಮೇ 15ರಂದು, ನ್ಯಾಶ್‌ವಿಲ್‌ನಲ್ಲಿ, 73ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕೊನೆಯ ಸಂಪುಟ ವೈಲ್ಡ್‌ವುಡ್ ಫ್ಲವರ್ ಅಷ್ಟರಲ್ಲಿ ಸಿದ್ಧವಾಗಿತ್ತು. ಅದರ ಕೆಲವು ಹಾಡುಗಳನ್ನು ಮೇಸಸ್ ಸ್ಪ್ರಿಂಗಿನ ತವರುಮನೆಯಲ್ಲಿಯೇ ಮುದ್ರಿಸಲಾಗಿತ್ತು. ಅದು ಎರಡು ಗ್ರ್ಯಾಮಿಗಳನ್ನು ಪಡೆಯಿತು, ಪಡೆಯಬೇಕಾದವಳು ಇಲ್ಲದಾಗ.

ಅದೇ ಜುಲೈ 5ರಂದು ಕ್ಯಾಶನು ಕ್ಲಿಂಚ್ ಪರ್ವತದ ಬುಡದಲ್ಲಿ ಎ. ಪಿ.ಯ ಮಗಳು ಜ್ಯಾನೆಟ್ ಕಟ್ಟಿಸಿದ ಕಾರ್ಟರ್ ಹಾಡುಮಂದಿರಕ್ಕೆ ಬಂದನು. ನಡೆಯಲಾರ, ಕಣ್ಣು ಸರಿಯಾಗಿ ಕಾಣದು. ಇತರರು ಹಿಡಿದು ತಂದು ಕುರ್ಚಿಯಲ್ಲಿ ಕೂಡಿಸಿದರು. ಹೆಂಡತಿಯ ಆತ್ಮ ಇಂದು ತನ್ನ ಮೇಲೆ ನೆಲೆಸಿದೆಯೆಂಬ ಅರ್ಥದ ಮಾತನ್ನಾಡಿ, ಕೆಲವು ಹಾಡುಗಳನ್ನು ಹಾಡಿದನು. ಬೆಂಕಿಯ ಬಳೆಯ ಹಾಡೂ ಅವುಗಳಲ್ಲಿತ್ತು. ಸಭೆಯೆದುರು ಅವನು ಹಾಡಿದುದು ಅದೇ ಕೊನೆ. ಸೆಪ್ಟೆಂಬರ್ 12ರಂದು ತೀರಿಕೊಂಡನು. ಹೆಂಡರ್ಸನ್‌ವಿಲ್‌ನ ಸ್ಮಶಾನದಲ್ಲಿ ಇಬ್ಬರ ಸಮಾಧಿಗಳೂ ಅಕ್ಕಪಕ್ಕದಲ್ಲಿವೆ.